ದಂತವೈದ್ಯಶಾಸ್ತ್ರದ ಪಿತಾಮಹ ಗ್ರೀನ್ ವಾರ್ಡಿಮನ್ ಬ್ಲ್ಯಾಕ್

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಊರು ಬಿಟ್ಟು ದೂರದ ಪಟ್ಟಣಕ್ಕೆ ಬಂದು, ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದುಡಿದು, ನಾಲ್ಕು ಕಾಸು ಕೂಡಿಸಿ ಕಡಲೆಯನ್ನು ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನರ ದವಡೆಹಲ್ಲುಗಳು ಮಾಯವಾಗಿರುತ್ತವೆ. ಹಲ್ಲು ನೋಯುವ ತನಕ ನಮಗೆ ಅದರ ನೆನಪಿಲ್ಲ. ನೊಂದ ಮೇಲೆ ಅದರ ಹೊರತು ಬೇರೊಂದರ ನೆನಪಿಲ್ಲ. ಲವಂಗವಿಟ್ಟು, ಉಪ್ಪುನೀರು ಮುಕ್ಕಳಿಸಿ, ಕೊನೆಗೆ ದಂತವೈದ್ಯರ ಬಳಿಗೆ ಹೋದರೆ ಅವರು ಹುಳುಕನ್ನು ಕೆರೆದು ತೆಗೆದು, ಗುಳಿಯನ್ನು ತುಂಬಿ, ಹಲ್ಲನ್ನು ಉಳಿಸಿಕೊಡುತ್ತಾರೆ. ನಮ್ಮವರ ಬಾಯಲ್ಲಿ ಇದಕ್ಕೆ ಸಿಮೆಂಟು ಹಾಕಿಸುವುದೆಂದು ಹೆಸರು. ಈ ಸಣ್ಣ ಕೆಲಸದ ಹಿಂದೆ ಒಂದು ಶಾಸ್ತ್ರವಿದೆ. ಆ ಶಾಸ್ತ್ರಕ್ಕೆ ತಳಹದಿ ಹಾಕಿದ ಮಹನೀಯರ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ಶಾಲೆಯಿಲ್ಲದ ವಿದ್ಯಾರ್ಥಿ

ಗ್ರೀನ್ ವಾರ್ಡಿಮನ್ ಬ್ಲ್ಯಾಕರು ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ಪ್ರಾಂತದಲ್ಲಿ, ವಿಂಚೆಸ್ಟರ್ ಎಂಬ ಊರಿನ ಸಮೀಪದಲ್ಲಿ, 1836ರ ಆಗಸ್ಟ್ 3ರಂದು ಜನಿಸಿದರು. ಬೇಸಾಯದ ಮನೆತನ. ಅವರ ಬಾಲ್ಯ ಹೊಲ, ಕಾಡು, ಹೊಳೆಗಳ ನಡುವೆ ಕಳೆಯಿತು. ಶಾಲೆಯಲ್ಲಿ ಕುಳಿತ ಕಾಲ ಬಹಳ ಸ್ವಲ್ಪ. ಆದರೆ ಕಣ್ಣಿಗೆ ಬಿದ್ದ ಗಿಡ, ಹುಳು, ಕಲ್ಲು ಯಾವುದನ್ನೂ ಪರೀಕ್ಷಿಸದೆ ಬಿಡುವ ಸ್ವಭಾವ ಆ ಹುಡುಗನದಾಗಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅವರು ವೈದ್ಯರಾಗಿದ್ದ ತಮ್ಮ ಅಣ್ಣನ ಬಳಿ ಸೇರಿ ವೈದ್ಯದ ಮೊದಲ ಪಾಠಗಳನ್ನು ಕಲಿತರು. 1857ರಲ್ಲಿ ದಂತವೈದ್ಯರೊಬ್ಬರ ಬಳಿ ಕೆಲವು ತಿಂಗಳು ಕೆಲಸ ನೋಡಿಕೊಂಡು, ಆ ಬಳಿಕ ವಿಂಚೆಸ್ಟರಿನಲ್ಲಿ ತಾವೇ ವೃತ್ತಿಯನ್ನಾರಂಭಿಸಿದರು. ಇಷ್ಟೇ ಅವರ ದಂತವೈದ್ಯ ಶಿಕ್ಷಣ! ಅಂದಿನ ದಿನಗಳಲ್ಲಿ ಇದೇನೂ ಸೋಜಿಗವಲ್ಲ. ಬಡಗಿಯ ಬಳಿ ಹುಡುಗನು ಉಳಿ ಹಿಡಿಯಲು ಕಲಿತಂತೆ ದಂತವೈದ್ಯನ ಬಳಿ ಇಕ್ಕಳ ಹಿಡಿಯಲು ಕಲಿಯುವುದೇ ರೂಢಿಯಾಗಿತ್ತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಬ್ಲ್ಯಾಕರು ಉತ್ತರದ ಸೈನ್ಯವನ್ನು ಸೇರಿ, ಮುಂದೆ ನಡೆದು ಶತ್ರುವಿನ ಸುಳಿವು ತರುವ ಕೆಲಸದಲ್ಲಿ ನಿಯುಕ್ತರಾದರು. ಮೊಣಕಾಲಿಗೆ ಪೆಟ್ಟು ಬಿದ್ದು, ಆಸ್ಪತ್ರೆಯಲ್ಲಿ ದಿನಗಳೆದು, ಸೈನ್ಯದಿಂದ ಬಿಡುಗಡೆ ಹೊಂದಿದರು. ಅದೇ ವರ್ಷಗಳಲ್ಲಿ ಅವರ ಮೊದಲ ಪತ್ನಿ ತೀರಿಕೊಂಡರು. ಕುಂಟುವ ಕಾಲು, ಬರಿದಾದ ಮನೆ. ಇಂತಹ ಸ್ಥಿತಿಯಲ್ಲಿ 1864ರಲ್ಲಿ ಅವರು ಅದೇ ಪ್ರಾಂತದ ಜಾಕ್ಸನ್‌ವಿಲ್ ಪಟ್ಟಣಕ್ಕೆ ಬಂದು ಹೊಸದಾಗಿ ಬಾಳನ್ನು ಕಟ್ಟತೊಡಗಿದರು. ಮರುವರ್ಷ ಎರಡನೆಯ ವಿವಾಹವಾಯಿತು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಪಟ್ಟಣವೇ ಅವರ ಕರ್ಮಭೂಮಿಯಾಯಿತು.

ಹಗಲೆಲ್ಲ ರೋಗಿಗಳ ಸೇವೆ. ರಾತ್ರಿ ದೀಪದ ಮುಂದೆ ಅಧ್ಯಯನ. ರಸಾಯನ ಶಾಸ್ತ್ರವನ್ನು ತಾವೇ ಓದಿಕೊಂಡರು. ಸೂಕ್ಷ್ಮದರ್ಶಕವನ್ನು ಕೊಂಡು ಅದರಲ್ಲಿ ನೋಡುವ ವಿದ್ಯೆಯನ್ನು ತಾವೇ ಸಾಧಿಸಿದರು. ಹೊಲಿಗೆಯಂತ್ರದಂತೆ ಕಾಲಿನಿಂದ ತುಳಿದು ನಡೆಸುವ, ಹಲ್ಲು ಕೊರೆಯುವ ಯಂತ್ರವೊಂದನ್ನು ತಮ್ಮ ಕೈಯಿಂದಲೇ ಮಾಡಿಕೊಂಡರು. ಈ ಮಹಾಪಂಡಿತರು ಯಾವ ವಿಶ್ವವಿದ್ಯಾಲಯದ ಪರೀಕ್ಷೆಗೂ ಕುಳಿತವರಲ್ಲ. ಅವರ ಹೆಸರಿನ ಮುಂದಿನ ಪದವಿಗಳೆಲ್ಲ ಮುಂದೆ ಅವರನ್ನು ಹುಡುಕಿಕೊಂಡು ಬಂದುವು. ಹಗಲು ಮೇಜು ಒರೆಸಿ ಇರುಳು ಪುಸ್ತಕ ತೆರೆದ ಕನ್ನಡ ಹುಡುಗರಿಗಾಗಿಯೇ ರಾತ್ರಿ ಶಾಲೆಗಳನ್ನು ಕಂಡ ಮುಂಬಯಿಯ ಕನ್ನಡಿಗರಿಗೆ ಈ ಸಾಧನೆಯ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹುಳುವಿಲ್ಲದ ಹುಳುಕು

ಕೆಟ್ಟ ಹಲ್ಲನ್ನು ನಾವು ಹುಳುಕುಹಲ್ಲು ಎನ್ನುತ್ತೇವೆ. ಹುಳುವೊಂದು ಹಲ್ಲನ್ನು ಕೊರೆದು ತಿನ್ನುತ್ತದೆಂಬ ನಂಬಿಕೆ ಆ ಹೆಸರಿನಲ್ಲಿಯೇ ಅಡಗಿದೆ. ಇದು ನಮ್ಮದೊಂದೇ ನಂಬಿಕೆಯಲ್ಲ. ಪುರಾತನ ಬ್ಯಾಬಿಲೋನಿನವರೂ ಹಾಗೆಯೇ ನಂಬಿದ್ದರು. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿ, ತನ್ನ ಹಲ್ಲಿನಿಂದ ಕೆರೆದ ಕೊಳೆಯನ್ನು ತಾನೇ ಉಜ್ಜಿ ಮಾಡಿದ ಮಸೂರದಡಿಯಲ್ಲಿಟ್ಟು ನೋಡಿ, ಅದರಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಚಲಿಸುತ್ತಿರುವುದನ್ನು ಕಂಡನು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಎಂಬ ದಂತವೈದ್ಯನು, ಹಲ್ಲಿನಲ್ಲಿ ಹುಳುವನ್ನು ತಾನು ಕಾಣಲಿಲ್ಲವೆಂದು ಬರೆದನು. ಹುಳುವಿಲ್ಲ, ಜೀವಿಗಳಿವೆ. ಆದರೆ ಆ ಜೀವಿಗಳಿಗೂ ಹುಳುಕಿಗೂ ಏನು ಸಂಬಂಧವೆಂಬುದು ಮುಂದೆ ಒಂದೂವರೆ ಶತಮಾನ ಯಾರಿಗೂ ತಿಳಿಯಲಿಲ್ಲ.

ಆ ಸಂಬಂಧವನ್ನು ಸ್ಪಷ್ಟಪಡಿಸಿದವರು ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ವಿಲೊಬಿ ಮಿಲ್ಲರರು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳನ್ನು ಹುಳಿಯಾಗಿಸುತ್ತವೆ, ಆ ಆಮ್ಲವು ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ ಎಂದು ಅವರು 1890ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ನಮ್ಮ ಹೋಟೆಲಿನ ಬಂಧುಗಳಿಗೆ ಇದನ್ನು ತಿಳಿಯುವುದು ಸುಲಭ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದು ಸೂಕ್ಷ್ಮಜೀವಿಗಳ ಕೆಲಸದಿಂದ. ಅಂತಹದೇ ಕೆಲಸ ನಮ್ಮ ಹಲ್ಲಿನ ಸಂದಿಯಲ್ಲಿಯೂ ನಡೆಯುತ್ತದೆ. ಪಾತ್ರೆಯೊಳಗಾದರೆ ಅದು ಇಡ್ಲಿ. ಬಾಯೊಳಗಾದರೆ ಅದು ಹುಳುಕು.

ಆದರೆ ಒಂದು ಪ್ರಶ್ನೆ ಉಳಿಯಿತು. ಬಾಯಲ್ಲಿ ಸದಾ ಜೊಲ್ಲು ಹರಿಯುತ್ತಿರುವಾಗ ಆ ಆಮ್ಲವು ತೊಳೆದುಹೋಗಬೇಕಲ್ಲವೆ? ಒಂದೇ ಸ್ಥಳದಲ್ಲಿ ನಿಂತು ಹಲ್ಲನ್ನು ಕೊರೆಯುವುದು ಹೇಗೆ? ಇಲ್ಲಿ ಬ್ಲ್ಯಾಕರ ಸೂಕ್ಷ್ಮದೃಷ್ಟಿ ನೆರವಿಗೆ ಬಂತು. ಸೂಕ್ಷ್ಮಜೀವಿಗಳು ಉಂಟುಮಾಡುವ ವಿಷಗಳ ಕುರಿತು ಅವರು 1884ರಲ್ಲಿಯೇ ಗ್ರಂಥವೊಂದನ್ನು ಪ್ರಕಟಿಸಿದ್ದರು. ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳು ಲೋಳೆಯಂತಹ ಪೊರೆಯನ್ನು ಕಟ್ಟಿಕೊಂಡು ಅದರೊಳಗೆ ವಾಸಿಸುತ್ತವೆಂಬುದನ್ನು 1897ರಲ್ಲಿ ಲಿಯಾನ್ ವಿಲಿಯಮ್ಸರು ತೋರಿಸಿದರು. ಮರುವರ್ಷ ಬ್ಲ್ಯಾಕರು ಅದನ್ನು ವಿವರವಾಗಿ ವರ್ಣಿಸಿ ಪ್ಲಾಕ್ ಎಂಬ ಹೆಸರನ್ನು ಬಳಕೆಗೆ ತಂದರು. ಜೊಲ್ಲು ಹರಿದರೂ ಪೊರೆಯ ಅಡಿಯಲ್ಲಿ ಹುಟ್ಟಿದ ಆಮ್ಲ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ನಾಲಿಗೆ, ಕೆನ್ನೆ, ಅಗಿಯುವ ಆಹಾರ ಉಜ್ಜುವ ಸ್ಥಳದಲ್ಲಿ ಪೊರೆ ನಿಲ್ಲುವುದಿಲ್ಲ. ಎರಡು ಹಲ್ಲುಗಳ ಸಂದಿ, ವಸಡಿನ ಅಂಚು, ಅಗಿಯುವ ಮುಖದ ಗೀರುಗಳು, ಇವೇ ಅದರ ಅಡಗುದಾಣಗಳು. ಹುಳುಕು ಹುಟ್ಟುವುದೂ ಇಂತಹ ಸ್ಥಳಗಳಲ್ಲಿಯೇ.

ಪಾದರಸದ ಕಲಹ

ಹುಳುಕನ್ನು ತೆಗೆದ ಗುಳಿಯನ್ನು ತುಂಬಲು ಅಂದು ಎರಡು ಮುಖ್ಯ ವಸ್ತುಗಳಿದ್ದುವು. ಧನಿಕರಿಗೆ ಚಿನ್ನದ ತಗಡು. ಉಳಿದವರಿಗೆ ಬೆಳ್ಳಿ ತವರಗಳ ಪುಡಿಯನ್ನು ಪಾದರಸದಲ್ಲಿ ಕಲಸಿದ ಅಮಾಲ್ಗಂ ಎಂಬ ಮುದ್ದೆ. 1833ರಲ್ಲಿ ಕ್ರಾಕೂರ್ ಎಂಬ ಸೋದರರು ಇಂತಹ ಮುದ್ದೆಯನ್ನು ಅಮೆರಿಕಕ್ಕೆ ತಂದು, ಭರ್ಜರಿ ಜಾಹೀರಾತಿನೊಡನೆ ಜನರ ಹಲ್ಲುಗಳಿಗೆ ಮೆತ್ತಿದರು. ಹುಳುಕನ್ನೂ ತೆಗೆಯದೆ ಮೆತ್ತಿದ ಆ ತುಂಬುಗಳು ಕಳಚಿಬಿದ್ದುವು, ಹಲ್ಲುಗಳು ಒಡೆದುವು. ಚಿನ್ನದಲ್ಲಿ ನುರಿತ ದಂತವೈದ್ಯರು ಕೆರಳಿದರು. ಅವರ ಸಂಘವು 1840ರ ದಶಕದಲ್ಲಿ, ಪಾದರಸದ ಮುದ್ದೆಯನ್ನು ಎಂದೂ ಬಳಸುವುದಿಲ್ಲವೆಂದು ಸದಸ್ಯರಿಂದ ಮುಚ್ಚಳಿಕೆ ಬರೆಯಿಸಿಕೊಂಡಿತು. ಕಲಹ ಬೆಳೆದು ಕೊನೆಗೆ 1856ರಲ್ಲಿ ಆ ಸಂಘವೇ ಒಡೆದುಹೋಯಿತು.

ಚಿನ್ನ ಕೊಳ್ಳಲಾರದ ಬಡವನ ಹಲ್ಲನ್ನು ಕಿತ್ತೆಸೆಯಬೇಕೆ, ಅಥವಾ ಅಗ್ಗದ ಮುದ್ದೆಯಿಂದ ಉಳಿಸಬೇಕೆ? ಆ ಕಲಹದ ಗದ್ದಲದಲ್ಲಿ ಮುಚ್ಚಿಹೋಗಿದ್ದ ನಿಜವಾದ ಪ್ರಶ್ನೆ ಇದು. ಬ್ಲ್ಯಾಕರು ಯಾವ ಪಕ್ಷವನ್ನೂ ಸೇರದೆ ಅಳತೆಗೋಲನ್ನು ಕೈಗೆತ್ತಿಕೊಂಡರು.

ಕೂದಲೆಳೆಗಿಂತ ಸಣ್ಣ ಬಿರುಕು

ಅಮಾಲ್ಗಂ ಗಟ್ಟಿಯಾಗುವಾಗ ಕೆಲವೊಮ್ಮೆ ಕುಗ್ಗುತ್ತಿತ್ತು, ಕೆಲವೊಮ್ಮೆ ಹಿಗ್ಗುತ್ತಿತ್ತು. ಕುಗ್ಗಿದರೆ ಹಲ್ಲಿಗೂ ತುಂಬಿಗೂ ನಡುವೆ ಕೂದಲೆಳೆಗಿಂತ ಸಣ್ಣ ಬಿರುಕು ಉಳಿಯುತ್ತದೆ. ಕಣ್ಣಿಗೆ ಕಾಣದ ಆ ಬಿರುಕು ಸೂಕ್ಷ್ಮಜೀವಿಗೆ ಹೆದ್ದಾರಿ! ತುಂಬಿದ ಹಲ್ಲು ಒಳಗಿನಿಂದ ಮತ್ತೆ ಹುಳುಕಾಗುತ್ತದೆ. ಬ್ಲ್ಯಾಕರು ಅತಿ ಸೂಕ್ಷ್ಮವಾದ ಅಳತೆಯ ಉಪಕರಣಗಳನ್ನು ರಚಿಸಿ, ಬೇರೆ ಬೇರೆ ಪ್ರಮಾಣದ ಲೋಹಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಂದೇ ಅರೆದ ಪುಡಿಯ ಗುಣವೇ ಬೇರೆ, ಹಲವು ದಿನ ಇಟ್ಟ ಪುಡಿಯ ಗುಣವೇ ಬೇರೆ ಎಂಬುದನ್ನು ಗಮನಿಸಿ, ಹದವಾದ ಶಾಖ ಕೊಟ್ಟು ಆ ವ್ಯತ್ಯಾಸವನ್ನು ಹತೋಟಿಗೆ ತರುವ ವಿಧಾನವನ್ನು ಕಂಡುಹಿಡಿದರು. 1895 ಮತ್ತು 1896ರಲ್ಲಿ ಈ ಸಂಶೋಧನೆಗಳು ಪ್ರಕಟವಾದುವು. ನೂರಕ್ಕೆ ಸುಮಾರು 68 ಪಾಲು ಬೆಳ್ಳಿ, 25 ಪಾಲು ತವರ, ಉಳಿದ ಅಂಶ ಚಿನ್ನ ಸತುವು ಮುಂತಾದವು ಸೇರಿದ ಮಿಶ್ರಣ ಪಾದರಸದೊಡನೆ ಬೆರೆತಾಗ ಹೆಚ್ಚು ಕುಗ್ಗದೆ, ಹೆಚ್ಚು ಹಿಗ್ಗದೆ ನಿಲ್ಲುವುದೆಂದು ಅವರು ತೋರಿಸಿದರು. 1960ರ ದಶಕದಲ್ಲಿ ತಾಮ್ರದ ಅಂಶ ಹೆಚ್ಚಿದ ಮಿಶ್ರಣಗಳು ಬರುವವರೆಗೆ ದಂತವೈದ್ಯರು ಬಳಸಿದ ಬೆಳ್ಳಿಯ ತುಂಬಿಗೆ ಈ ಸಂಶೋಧನೆಯೇ ಆಧಾರವಾಯಿತು. ಲೋಕದ ಕೋಟ್ಯಂತರ ಸಾಮಾನ್ಯರ ಹಲ್ಲುಗಳು ಇಕ್ಕಳದಿಂದ ಪಾರಾದುವು.

ಅದೇ ಕಾಲದಲ್ಲಿ ಅವರು ಇನ್ನೊಂದು ನಂಬಿಕೆಯನ್ನೂ ಪರೀಕ್ಷೆಗೊಡ್ಡಿದರು. ಕೆಲವರ ಹಲ್ಲು ಹುಟ್ಟಿನಿಂದಲೇ ಮೆದು, ಆದುದರಿಂದ ಹುಳುಕುತ್ತದೆ. ಕೆಲವರದು ಗಟ್ಟಿ, ಆದುದರಿಂದ ಉಳಿಯುತ್ತದೆ ಎಂದು ದಂತವೈದ್ಯರು ಹೇಳುತ್ತಿದ್ದರು. ಬ್ಲ್ಯಾಕರು ಹಲ್ಲುಗಳ ಸಾಂದ್ರತೆಯನ್ನೂ ಸುಣ್ಣದ ಅಂಶವನ್ನೂ ಬಲವನ್ನೂ ಅಳೆದು ನೋಡಿ, ಹುಳುಕಿನ ಕಾರಣ ಹಲ್ಲಿನ ಹಣೆಬರಹದಲ್ಲಿಲ್ಲ, ಅದನ್ನು ಸುತ್ತುವರಿದ ಪರಿಸರದಲ್ಲಿದೆ ಎಂಬ ನಿರ್ಣಯಕ್ಕೆ ಬಂದರು. ಹಲ್ಲು ಹೋಗುವುದು ವಿಧಿಯಲ್ಲ, ಅದನ್ನು ತಡೆಯಬಹುದು ಎಂಬ ಭರವಸೆಯನ್ನು ಅವರ ಅಳತೆಗೋಲು ಲೋಕಕ್ಕೆ ಕೊಟ್ಟಿತು.

ಗುರುವಿನ ಪೀಠದಲ್ಲಿ

1870ರಿಂದಲೇ ಮಿಸ್ಸೂರಿ ದಂತವೈದ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬ್ಲ್ಯಾಕರು, ಮುಂದೆ ಷಿಕಾಗೋ ನಗರದಲ್ಲಿಯೂ ಅಯೋವಾ ವಿಶ್ವವಿದ್ಯಾಲಯದಲ್ಲಿಯೂ ಅಧ್ಯಾಪಕರಾಗಿ, 1891ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯವನ್ನು ಸೇರಿದರು. 1897ರಲ್ಲಿ ಅಲ್ಲಿಯ ದಂತವೈದ್ಯ ವಿಭಾಗದ ಮುಖ್ಯಸ್ಥರಾಗಿ ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. 1908ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಅವರ ದಂತಚಿಕಿತ್ಸಾ ಗ್ರಂಥ ವಿದ್ಯಾರ್ಥಿಗಳಿಗೆ ಆಧಾರಗ್ರಂಥವಾಯಿತು. ಹುಳುಕಿನ ಗುಳಿಗಳನ್ನು ಅವು ಇರುವ ಸ್ಥಾನದ ಮೇಲೆ ಐದು ವರ್ಗಗಳಾಗಿ ಅವರು ವಿಂಗಡಿಸಿದ ಕ್ರಮವನ್ನು ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಗುಳಿಯನ್ನು ಹುಳುಕಿರುವಷ್ಟೇ ಕೊರೆದು ಬಿಡಬಾರದು. ತುಂಬಿನ ಅಂಚು ಸೂಕ್ಷ್ಮಜೀವಿಗಳ ಅಡಗುದಾಣದಲ್ಲಿ ಬೀಳದೆ, ಆಹಾರ ಮತ್ತು ಬ್ರಷ್ಷು ಉಜ್ಜುವ ತಾಣಕ್ಕೆ ಬರುವಷ್ಟು ವಿಸ್ತರಿಸಬೇಕು. ಮೇಲ್ಮೈಯನ್ನು ನಯವಾಗಿ ಮೆರುಗುಗೊಳಿಸಬೇಕು ಎಂಬುದು ಅವರ ಪ್ರಸಿದ್ಧ ಸೂತ್ರ. ಅಂದಿನ ಮಟ್ಟಿಗೆ ಇದು ಅಮೂಲ್ಯ ಬೋಧೆ. ಆದರೆ ಇದಕ್ಕಾಗಿ ಆರೋಗ್ಯವಾಗಿದ್ದ ಹಲ್ಲಿನ ಭಾಗವನ್ನೂ ಕೊರೆಯಬೇಕಾಗುತ್ತಿತ್ತು. ಹಲ್ಲಿಗೆ ಅಂಟಿಕೊಳ್ಳುವ ವಸ್ತುಗಳು ಬಂದ ಮೇಲೆ ವೈದ್ಯರು ಈ ಸೂತ್ರವನ್ನು ಸಡಿಲಿಸಿ, ಒಳ್ಳೆಯ ಹಲ್ಲನ್ನು ಆದಷ್ಟೂ ಉಳಿಸುವ ಮಾರ್ಗ ಹಿಡಿದಿದ್ದಾರೆ. ಗುರುವಿನ ಮಾತನ್ನು ಶಿಷ್ಯರು ತಿದ್ದಿದುದರಿಂದ ಗುರುವಿಗೆ ಕುಂದಿಲ್ಲ. ನಂಬಿಕೆಯನ್ನು ಅಳೆದು ನೋಡಬೇಕೆಂದು ಕಲಿಸಿದವರು ಅವರೇ ಅಲ್ಲವೆ?

ಭಾರತಕ್ಕೂ ಈ ಪರಂಪರೆಯ ಒಂದು ಎಳೆ ಬಂದಿದೆ. ಬ್ಲ್ಯಾಕರು ಕೆಲಕಾಲ ಪಾಠ ಹೇಳಿದ್ದ ಅಯೋವಾ ವಿಶ್ವವಿದ್ಯಾಲಯದಲ್ಲಿಯೇ, ಅವರು ನಿಧನ ಹೊಂದಿದ 1915ರಲ್ಲಿ, ಡಾಕ್ಟರ್ ರಫೀಉದ್ದೀನ್ ಅಹಮದರು ದಂತವೈದ್ಯ ಪದವಿ ಪಡೆದರು. ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು.

ಕೊನೆಯ ಸಮಸ್ಯೆ

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಬ್ಲ್ಯಾಕರಿಗೆ ಹೊಸ ಸಮಸ್ಯೆಯೊಂದು ಎದುರಾಯಿತು. ಕೊಲೊರಾಡೋ ಪ್ರಾಂತದ ಒಂದು ಪಟ್ಟಣದಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತಿದ್ದುವು. ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರ ಕರೆಗೆ ಓಗೊಟ್ಟು ಅವರು 1909ರಲ್ಲಿ ಅಲ್ಲಿಗೆ ಹೋಗಿ ತನಿಖೆಗೆ ಕೈಜೋಡಿಸಿದರು. ಕಲೆಯಾದ ಹಲ್ಲುಗಳು ನೋಡಲು ವಿಕಾರವಾಗಿದ್ದರೂ ಹುಳುಕಿಗೆ ಸುಲಭವಾಗಿ ಬಲಿಯಾಗುತ್ತಿರಲಿಲ್ಲವೆಂಬ ವಿಚಿತ್ರ ಸಂಗತಿ ಕಂಡುಬಂತು. ಕಾರಣ ತಿಳಿಯುವ ಮೊದಲೇ ಬ್ಲ್ಯಾಕರು 1915ರ ಆಗಸ್ಟ್ 31ರಂದು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ವರ್ಷಗಳ ಬಳಿಕ ಷಿಕಾಗೋ ನಗರದ ಲಿಂಕನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಕಲೆಯ ಕಾರಣ ಕುಡಿಯುವ ನೀರಿನಲ್ಲಿ ಅತಿಯಾಗಿದ್ದ ಫ್ಲೋರೈಡ್ ಎಂಬುದು 1931ರಲ್ಲಿ ಬೆಳಕಿಗೆ ಬಂತು. ಕೊಳವೆಬಾವಿಯ ನೀರು ಕುಡಿದು ಕಂದು ಹಲ್ಲು ಪಡೆದವರನ್ನು ಪಾವಗಡ, ಮುಂಡರಗಿಯ ಕಡೆಯ ನಮ್ಮ ವಾಚಕರು ತಮ್ಮ ಊರುಗಳಲ್ಲಿಯೇ ಕಂಡಿರಬಹುದು. ಅತಿಯಾದರೆ ಕೇಡು, ಮಿತವಾದರೆ ಹಲ್ಲಿಗೆ ರಕ್ಷೆ ಎಂಬ ತಿಳಿವಳಿಕೆ ಆ ತನಿಖೆಯಿಂದಲೇ ಹುಟ್ಟಿತು.

ಇಂದಿನ ತುಂಬುಗಳು

ಬ್ಲ್ಯಾಕರ ಕಾಲದಲ್ಲಿಲ್ಲದ ವಸ್ತುಗಳು ಇಂದು ಬಂದಿವೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ರಾಳದ ತುಂಬು 1960ರ ದಶಕದಿಂದ ಬಳಕೆಗೆ ಬಂತು. ಫ್ಲೋರೈಡನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟನ್ನು ಲಂಡನ್ನಿನಲ್ಲಿ ವಿಲ್ಸನ್, ಕೆಂಟ್ ಎಂಬವರು ರೂಪಿಸಿ 1970ರ ದಶಕದ ಆರಂಭದಲ್ಲಿ ಲೋಕದ ಮುಂದಿಟ್ಟರು. ಆದರೆ ಇವೆಲ್ಲವುಗಳ ಮುಂದೆ ನಿಂತಿರುವುದು ಬ್ಲ್ಯಾಕರ ಪ್ರಶ್ನೆಯೇ. ಸೂಕ್ಷ್ಮಜೀವಿಗಳ ಪೊರೆ ಯಾವುದರ ಮೇಲೆ ಎಷ್ಟು ಕಟ್ಟುತ್ತದೆ?

ಎಲ್ಲ ವಸ್ತುಗಳ ಮೇಲೆಯೂ ಪೊರೆ ಕಟ್ಟುತ್ತದೆ. ಪ್ರಮಾಣದಲ್ಲಿ ಮಾತ್ರ ಭೇದ. ಮೆರುಗಿನ ಪಿಂಗಾಣಿ ವಸ್ತುಗಳ ಮೇಲೆ ಸಾಮಾನ್ಯವಾಗಿ ಕಡಮೆ. ರಾಳದ ತುಂಬಿನ ಮೇಲೆ ಹೆಚ್ಚು. ಬೆಳ್ಳಿಯ ತುಂಬಿನಿಂದ ಹೊರಬರುವ ಲೋಹದ ಅಂಶಗಳು ಸೂಕ್ಷ್ಮಜೀವಿಗಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ. ಕಾಲಕ್ರಮದಲ್ಲಿ ಅದರ ಕಿಲುಬೇ ಅಂಚಿನ ಬಿರುಕನ್ನು ಮುಚ್ಚುತ್ತದೆ. ರಾಳಕ್ಕೆ ಆ ಗುಣವಿಲ್ಲ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ ಕೂಡ. ಪೋರ್ಚುಗಲಿನ ಲಿಸ್ಬನ್ ನಗರದ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತುಂಬಿನ ಬದಿಯಲ್ಲಿ ಮರುಹುಳುಕು ತಗಲುವ ಅಪಾಯ ಬೆಳ್ಳಿಗಿಂತ ರಾಳದಲ್ಲಿ 3.5 ಪಟ್ಟು ಹೆಚ್ಚಾಗಿ ಕಂಡುಬಂತು. ಆದರೆ ಬೆಳ್ಳಿಯ ತುಂಬಿನಲ್ಲಿರುವ ಪಾದರಸ ನೆಲಜಲಗಳನ್ನು ಕೆಡಿಸುವುದರಿಂದ, 2013ರ ಮಿನಮಾತಾ ಒಪ್ಪಂದದಲ್ಲಿ ಅದರ ಬಳಕೆಯನ್ನು ತಗ್ಗಿಸಲು ರಾಷ್ಟ್ರಗಳು ಸಮ್ಮತಿಸಿದವು. ಆದುದರಿಂದ ರಾಳದ ದೋಷವನ್ನು ನೀಗುವುದು ಇಂದಿನ ಸಂಶೋಧಕರ ಮುಂದಿರುವ ದೊಡ್ಡ ಕಾರ್ಯ.

ವಸ್ತುವಿನಷ್ಟೇ ಮುಖ್ಯವಾದುದು ಅದರ ನಯ. ಗೀರುಬಿದ್ದ ಪಾತ್ರೆಯಲ್ಲಿ ಜಿಡ್ಡು ಕೂರುವುದನ್ನು ಪಾತ್ರೆ ತೊಳೆದ ಕೈಗಳು ಬಲ್ಲವು. ತುಂಬಿನ ಒರಟುತನ ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲನ್ನು ಮೀರಿದರೆ ಪೊರೆ ಹೆಚ್ಚತೊಡಗುತ್ತದೆಂದು 1997ರಲ್ಲಿ ಸಂಶೋಧಕರು ತೋರಿಸಿದರು. ಮೆರುಗಿನ ಕುರಿತು ಬ್ಲ್ಯಾಕರು ಹಟ ಹಿಡಿದುದು ವೃಥಾ ಆಗಲಿಲ್ಲ.

ಆದುದರಿಂದ ನಮ್ಮ ವಾಚಕರಲ್ಲಿ ಒಂದೆರಡು ವಿನಂತಿಗಳು. ತುಂಬಿಸಿದ ಹಲ್ಲು ಗೆದ್ದ ಹಲ್ಲೆಂದು ಮರೆಯಬೇಡಿ. ಉಳಿದ ಹಲ್ಲಿಗಿಂತ ಅದಕ್ಕೇ ಹೆಚ್ಚು ಆರೈಕೆ ಬೇಕು. ವೈದ್ಯರು ತುಂಬಿಗೆ ಮೆರುಗು ಕೊಡಲು ಇನ್ನೊಮ್ಮೆ ಬರಹೇಳಿದರೆ, ರಜೆ ಸಿಗಲಿಲ್ಲವೆಂದು ತಪ್ಪಿಸಬೇಡಿ. ಕೆಲಸದ ನಡುನಡುವೆ ಗುಟುಕು ಗುಟುಕಾಗಿ ಸಿಹಿ ಚಹ ಕುಡಿಯುವವರು, ಪ್ರತಿಯೊಂದು ಗುಟುಕೂ ಆ ಪೊರೆಯೊಳಗಿನ ಜೀವಿಗಳಿಗೆ ಹಬ್ಬದೂಟವೆಂಬುದನ್ನು ನೆನೆಯಬೇಕು. ಕುಡಿದ ಮೇಲೆ ಬಾಯನ್ನಾದರೂ ಮುಕ್ಕಳಿಸಬೇಕು. ಸರದಿ ಮುಗಿದು ಎಷ್ಟು ಹೊತ್ತಾಗಿದ್ದರೂ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಹಿಟ್ಟು ಹುಳಿಯಾಗುವುದೂ ರಾತ್ರಿಯಲ್ಲಿಯೇ, ಹಲ್ಲು ಹುಳುಕಾಗುವುದೂ ಹೆಚ್ಚಾಗಿ ರಾತ್ರಿಯಲ್ಲಿಯೇ.

ಹೊಲದಲ್ಲಿ ಹುಟ್ಟಿ, ಶಾಲೆಯನ್ನು ಹೆಚ್ಚು ಕಾಣದೆ, ಕುಂಟುವ ಕಾಲಿನಲ್ಲಿ ಯಂತ್ರ ತುಳಿದು, ಕಾಣದ ಬಿರುಕನ್ನು ಅಳೆದ ಆ ವ್ಯಕ್ತಿ ಬಡವನ ಬಾಯಿಗೂ ಶಾಸ್ತ್ರದ ಫಲವನ್ನು ತಲಪಿಸಿದರು. ಕಡಲೆ ಕೈಗೆ ಬರುವ ಹೊತ್ತಿಗೆ ಹಲ್ಲೂ ಬಾಯಲ್ಲಿ ಉಳಿದಿರುವಂತೆ ಮಾಡಿದುದು ಅವರ ಸಣ್ಣ ಉಪಕಾರವೇನಲ್ಲ.